100 ಗಜ, 49.7 ಸೆಕೆಂಡ್: ಅಲನ್ ಫೋರ್ಡ್

ಈಜಿನ ಇತಿಹಾಸ ಓದುವಾಗ ಅಮೆರಿಕದ ಈಜುಗಾರ ಅಲನ್ ಫೋರ್ಡ್ ಹತ್ತಿರ ಬಂದರೆ ಗೊಂದಲ ಆಗೋದು ಸಹಜ. ಒಂದು ಕಡೆ 49.7 ಸೆಕೆಂಡ್ ಅಂತ ಇರುತ್ತದೆ, ಇನ್ನೊಂದು ಕಡೆ 57.8. ಎರಡೂ ಫ್ರೀಸ್ಟೈಲ್, ಎರಡೂ ಸರಿ. ಮೊದಲನೆಯದು 100 ಗಜದ್ದು, ಎರಡನೆಯದು 100 ಮೀಟರಿನದು. 100 ಗಜ ಅಂದರೆ ಬರೀ 91.44 ಮೀಟರ್. ಅದೂ ಅಲ್ಲದೆ 25 ಗಜದ ಕಾಲೇಜು ಕೊಳದಲ್ಲಿ ಮೂರು ಸಲ ತಿರುಗಬೇಕು, ತಿರುಗಿದಾಗೆಲ್ಲ ಗೋಡೆಗೆ ಕಾಲೊತ್ತಿ ಚಿಮ್ಮಬಹುದು. 50 ಮೀಟರ್ ಕೊಳದಲ್ಲಾದರೆ ಒಂದೇ ತಿರುವು, ಮಿಕ್ಕಿದ್ದೆಲ್ಲ ಕೈಕಾಲಿನ ಕೆಲಸ. ಹಾಗಾಗಿ ಈ ಎರಡು ಅಂಕಿ ನೋಡಿ ಫೋರ್ಡ್ ಆಮೇಲೆ ನಿಧಾನವಾದರು ಅಂದುಕೊಂಡುಬಿಡಬೇಡಿ.

ಹುಟ್ಟಿದ್ದು 1923ರಲ್ಲಿ, ಪನಾಮಾ ಕಾಲುವೆ ವಲಯದಲ್ಲಿ. ಓದಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಕೋಚ್ ಬಾಬ್ ಕಿಫುತ್ ಹುಡುಗರಿಗೆ ನೀರಿನಾಚೆಯೂ ಬೆವರಿಳಿಸುತ್ತಿದ್ದರು: ನೆಲದ ಮೇಲೆ ವ್ಯಾಯಾಮ, ರಾಟೆಗೆ ಕಟ್ಟಿದ ಭಾರ ಎಳೆಯುವುದು. ಭಾರ ಎಳೆದರೆ ಈಜುಗಾರನ ಸ್ನಾಯು ಬಿಗಿದುಕೊಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದ ಕಾಲ ಅದು. ಈಗ ಯಾವ ಈಜುಗಾರ ಜಿಮ್‌ಗೆ ಹೋಗಲ್ಲ ಹೇಳಿ! ನನ್ನ ಪ್ರಕಾರ ಫೋರ್ಡ್ ಕಥೆಯಲ್ಲಿ ಜಾಸ್ತಿ ಗಮನ ಕೊಡಬೇಕಾದ ಭಾಗ ಇದೇ.

ಫೋರ್ಡ್ ಮುಂದಿದ್ದ ಗುರಿ 1927ರಲ್ಲಿ ಜಾನಿ ವೈಸ್‌ಮುಲ್ಲರ್ 100 ಗಜದಲ್ಲಿ ಬರೆದಿಟ್ಟ 51.0 ಸೆಕೆಂಡ್ ದಾಖಲೆ. ಹೌದು, ಆಮೇಲೆ ಸಿನಿಮಾದಲ್ಲಿ ಟಾರ್ಜಾನ್ ಆದ ಅದೇ ವೈಸ್‌ಮುಲ್ಲರ್. ಹದಿನಾರು ವರ್ಷ ಯಾರೂ ಅದನ್ನು ಅಳಿಸಲಿಲ್ಲ. 1943ರಲ್ಲಿ ಫೋರ್ಡ್ ಅಳಿಸಿದರು, ಮತ್ತೆ ಮತ್ತೆ ತಮ್ಮದೇ ದಾಖಲೆಯನ್ನೂ ಇಳಿಸುತ್ತಾ ಹೋದರು, 1944ರ ಮಾರ್ಚ್‌ನಲ್ಲಿ 49.7ಕ್ಕೆ ಬಂದು ನಿಂತರು. 50 ಸೆಕೆಂಡಿನೊಳಗೆ 100 ಗಜ ಈಜಿದ ಮೊದಲ ಮನುಷ್ಯ! ಆಗ ವಯಸ್ಸು 20.

ಅದೇ ವರ್ಷ ಲಂಡನ್‌ನಲ್ಲಿ ಒಲಿಂಪಿಕ್ಸ್ ಆಗಬೇಕಿತ್ತು, ಮಹಾಯುದ್ಧದಿಂದ ರದ್ದಾಯಿತು. ಫೋರ್ಡ್ ನೌಕಾಪಡೆಗೆ ಹೋದರು, ಈಜು ಹಿಂದೆ ಬಿತ್ತು. 1948ರಲ್ಲಿ ಮತ್ತೆ ಕಿಫುತ್ ಹತ್ತಿರ ಬಂದು ತಯಾರಿ ನಡೆಸಿ ಲಂಡನ್‌ಗೆ ಹೊರಟರು. ಆ 100 ಮೀಟರ್ ಫೈನಲ್‌ನಲ್ಲಿ ಅವರದೇ ದೇಶದ ವಾಲಿ ರಿಸ್ 57.3ಕ್ಕೆ ಚಿನ್ನ ಗೆದ್ದರು, ಫೋರ್ಡ್ 57.8ಕ್ಕೆ ಬೆಳ್ಳಿ. ಇಷ್ಟು ವೇಗದವರಿಗೆ ಚಿನ್ನ ಯಾಕೆ ಸಿಗಲಿಲ್ಲ ಅಂತ ಪ್ರಶ್ನೆ ಬಂದರೆ ಮೊದಲು 1944ರ ರದ್ದಾದ ಒಲಿಂಪಿಕ್ಸ್ ವಿಷಯ ಹೇಳಿ, ಆಮೇಲೆ ಈ ಅರ್ಧ ಸೆಕೆಂಡಿನದು.