ಗುಟ್ಟಾಗಿ ಅಣುಬಾಂಬ್ ಸಿಡಿಸಿದರೆ ನ್ಯೂಟ್ರಿನೊ ಹಿಡಿದುಕೊಡುತ್ತಾ?

ಪ್ರಶ್ನೆ: ನ್ಯೂಟ್ರಿನೊ ಅನ್ನೋ ಅತಿ ಪುಟ್ಟ ಕಣವನ್ನು ಯಾವ ಗೋಡೆಯೂ, ಯಾವ ಬೆಟ್ಟವೂ ತಡೆಯಲ್ಲ ಅಂತಾರೆ. ಹಾಗಿದ್ರೆ ಅಲ್ಲಲ್ಲಿ ನ್ಯೂಟ್ರಿನೊ ಡಿಟೆಕ್ಟರ್ ಇಟ್ಟುಬಿಟ್ಟರೆ ಯಾವ ದೇಶವೂ ಕದ್ದುಮುಚ್ಚಿ ಅಣ್ವಸ್ತ್ರ ಪರೀಕ್ಷೆ ಮಾಡೋಕೆ ಆಗಲ್ಲ ಅಲ್ವಾ?

ಯೋಚನೆ ಸರಿಯಾಗಿಯೇ ಇದೆ. ಯುರೇನಿಯಂ ಅಥವಾ ಪ್ಲುಟೋನಿಯಂ ಪರಮಾಣು ಒಡೆದಾಗ ಅದರ ಚೂರುಗಳಿಂದ ಸುಮಾರು 6 ಆಂಟಿನ್ಯೂಟ್ರಿನೊ (ನ್ಯೂಟ್ರಿನೊದ ಪ್ರತಿಕಣ) ಹೊರಬೀಳುತ್ತವೆ. ಬರೀ 1 ಕಿಲೋಟನ್ (ಸಾವಿರ ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿಯ) ಬಾಂಬ್ ಸಿಡಿದರೂ ಹೊರಡುವ ಕಣಗಳ ಸಂಖ್ಯೆ ಹೆಚ್ಚುಕಮ್ಮಿ 1ರ ಮುಂದೆ 24 ಸೊನ್ನೆ. ಇವನ್ನು ಮುಚ್ಚಿಡಲು ಯಾರಿಂದಲೂ ಸಾಧ್ಯವಿಲ್ಲ. ತೊಂದರೆ ಏನಂದ್ರೆ, ಬೆಟ್ಟವನ್ನೇ ಲೆಕ್ಕಿಸದ ಕಣ ನಮ್ಮ ಡಿಟೆಕ್ಟರನ್ನೂ ಲೆಕ್ಕಿಸುವುದಿಲ್ಲ.

ಉತ್ತರ ಕೊರಿಯಾ 2017ರ ಸೆಪ್ಟೆಂಬರ್ 3ರಂದು ಪುಂಗ್ಯೆ-ರಿಯಲ್ಲಿ ತನ್ನ ಅತಿದೊಡ್ಡ ಪರೀಕ್ಷೆ ನಡೆಸಿತು. ಅಲ್ಲಿಂದ ಸುಮಾರು 900 ಕಿ.ಮೀ. ದೂರದಲ್ಲಿ, ಜಪಾನಿನ ಕಮಿಯೋಕದಲ್ಲಿ, 50,000 ಟನ್ ನೀರು ತುಂಬಿದ ಸೂಪರ್-ಕಮಿಯೋಕಾಂಡೆ ಎಂಬ ನ್ಯೂಟ್ರಿನೊ ಡಿಟೆಕ್ಟರ್ ಇದೆ. ಆ ಸ್ಫೋಟ 150 ಕಿಲೋಟನ್ ಅಂತಿಟ್ಟುಕೊಂಡು, ಅಷ್ಟೂ ಶಕ್ತಿ ಪರಮಾಣು ಒಡೆದೇ ಬಂತು, ಟ್ಯಾಂಕಿನ ಒಂದು ಹನಿ ನೀರೂ ದಂಡವಾಗಲಿಲ್ಲ ಅಂತ ಧಾರಾಳವಾಗಿ ಲೆಕ್ಕ ಹಾಕಿದರೂ ಸಿಗುವುದು ಸರಾಸರಿ ಅರ್ಧ ಕಣಕ್ಕಿಂತ ಕಡಿಮೆ. 1 ಕಿಲೋಟನ್ ಬಾಂಬನ್ನು 100 ಕಿ.ಮೀ. ದೂರದಿಂದ ನೋಡುವುದಾದರೆ 10 ಲಕ್ಷ ಟನ್ ನೀರಿನಲ್ಲಿ ನಾಲ್ಕೈದು ಸಿಗಬಹುದು, ಆದರೆ ಗುಟ್ಟಾಗಿ ಬಾಂಬ್ ಸಿಡಿಸುವ ದೇಶ ತನ್ನ ಪಕ್ಕದಲ್ಲೇ ಅಂಥ ಟ್ಯಾಂಕ್ ಕಟ್ಟಲು ಬಿಡುತ್ತದೆಯೇ? ಸಾಲದ್ದಕ್ಕೆ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಗದ್ದಲ ತಪ್ಪಿಸಲು ಆಳಕ್ಕೆ ಇಳಿಯಬೇಕು. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಕಾಣಲು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 2 ಕಿ.ಮೀ.ಗಿಂತಲೂ ಕೆಳಗೆ ಉಪಕರಣ ಇಟ್ಟಿದ್ದು ಇದೇ ಕಾರಣಕ್ಕೆ.

ಸ್ವಾರಸ್ಯ ಅಂದ್ರೆ, ನ್ಯೂಟ್ರಿನೊ ಹಿಡಿಯುವ ಮೊದಲ ಯೋಜನೆ ಶುರುವಾಗಿದ್ದೇ ಬಾಂಬ್‌ನಿಂದ. 1951ರಲ್ಲಿ ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯ ಲಾಸ್ ಅಲಾಮೋಸ್‌ನ ಫ್ರೆಡ್ರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್, ಬಾಂಬ್ ಗೋಪುರದಿಂದ ಸುಮಾರು 40 ಮೀಟರ್ ದೂರದಲ್ಲಿ ಬಾವಿ ತೋಡಿ, ಸ್ಫೋಟದ ಕ್ಷಣದಲ್ಲೇ ಡಿಟೆಕ್ಟರನ್ನು ಅದರೊಳಗೆ ಬೀಳಲು ಬಿಡುವ ಯೋಜನೆ ಹಾಕಿದ್ದರು. ಬೀಳುತ್ತಿದ್ದರೆ ನೆಲದ ಅದುರಾಟ ತಟ್ಟುವುದಿಲ್ಲವಲ್ಲ! ಆಮೇಲೆ ಅದನ್ನು ಬಿಟ್ಟು ರಿಯಾಕ್ಟರ್ ಕಡೆ ತಿರುಗಿದರು, ಯಾಕಂದ್ರೆ ಅವರಿಗೆ ಒಂದು ಒಳ್ಳೆಯ ಉಪಾಯ ಹೊಳೆಯಿತು. ಆಂಟಿನ್ಯೂಟ್ರಿನೊ ತಾಗಿದಾಗ ಮೊದಲು ಎಲೆಕ್ಟ್ರಾನ್‌ನ ಪ್ರತಿಕಣವಾದ ಪಾಸಿಟ್ರಾನ್‌ನ ಮಿಂಚು, ಕೆಲವೇ ಮೈಕ್ರೋಸೆಕೆಂಡ್ ಬಿಟ್ಟು ನ್ಯೂಟ್ರಾನ್ ಸಿಕ್ಕಿಬಿದ್ದ ಮಿಂಚು. ಜೋಡಿಯಾಗಿ ಬಂದರೆ ಮಾತ್ರ ಲೆಕ್ಕಕ್ಕೆ, ಒಂಟಿ ಮಿಂಚುಗಳು ಬೇಡ. 1956ರಲ್ಲಿ ಸವಾನಾ ನದಿಯ ರಿಯಾಕ್ಟರ್ ಬಳಿ ಹೀಗೇ ಕಣ ಸಿಕ್ಕಿತು.

ಇವತ್ತು ನಿಜವಾಗಿಯೂ ಅಣ್ವಸ್ತ್ರ ಪರೀಕ್ಷೆಗಳನ್ನು ಪತ್ತೆ ಮಾಡುವ ಕಣ ಡಿಟೆಕ್ಟರ್‌ಗಳಲ್ಲೂ ಇಂಥದ್ದೇ ಜೋಡಿ ಉಪಾಯ ಇದೆ, ಆದರೆ ಅವು ಹುಡುಕುವುದು ಸ್ಫೋಟದಲ್ಲಿ ಹುಟ್ಟುವ ವಿಕಿರಣಶೀಲ ಝೆನಾನ್ ಅನಿಲವನ್ನು. ನೆಲದಡಿ ಬಾಂಬ್ ಸಿಡಿದಾಗ ಹುಟ್ಟುವ ಹೆಚ್ಚಿನ ವಸ್ತುಗಳು ಕರಗಿದ ಕಲ್ಲಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಝೆನಾನ್ ಯಾವುದರ ಜೊತೆಗೂ ಬೆರೆಯುವುದಿಲ್ಲ, ಹಾಗಾಗಿ ಬಿರುಕುಗಳಲ್ಲಿ ನುಸುಳಿ ಮೇಲೆ ಬರುತ್ತದೆ.

ಸ್ವೀಡನ್‌ನವರ ಸೌನಾ ಯಂತ್ರವನ್ನೇ ನೋಡಿ. ಗಾಳಿ ಎಳೆದುಕೊಂಡು, ತೇವ ತೆಗೆದು, ಇದ್ದಿಲಿನಲ್ಲಿ ಝೆನಾನ್ ಹಿಡಿದು, ಬಿಸಿ ಮಾಡಿ ಬಿಡಿಸಿ, ಪುಟ್ಟ ಪ್ಲಾಸ್ಟಿಕ್ ಕೋಶಕ್ಕೆ ತುಂಬುತ್ತದೆ. ಕೋಶದ ಗೋಡೆ ಬೀಟಾ ಕಣ ತಾಗಿದರೆ ಮಿನುಗುತ್ತದೆ, ಸುತ್ತಲಿನ ಸೋಡಿಯಂ ಅಯೋಡೈಡ್ ಹರಳು ಗಾಮಾ ಕಿರಣಕ್ಕೆ ಮಿನುಗುತ್ತದೆ. ಝೆನಾನ್ ಕ್ಷಯಿಸಿದಾಗ ಇವೆರಡೂ ಹೊರಡುತ್ತವೆ, ಹಾಗಾಗಿ ಎರಡೂ ಒಟ್ಟಿಗೇ ಮಿನುಗಿದರೆ ಅದು ಝೆನಾನ್. ಒಂದು ಘನ ಮೀಟರ್ ಗಾಳಿಯಲ್ಲಿ ಸಾವಿರ ಸೆಕೆಂಡಿಗೆ ಒಂದೇ ಪರಮಾಣು ಕ್ಷಯಿಸುತ್ತಿದ್ದರೂ ಇದಕ್ಕೆ ಗೊತ್ತಾಗುತ್ತದೆ. ನನಗಂತೂ ಇದು ದೈತ್ಯ ಟ್ಯಾಂಕ್‌ಗಿಂತ ದೊಡ್ಡ ಸಾಧನೆ.

2006ರ ಅಕ್ಟೋಬರ್‌ನಲ್ಲಿ ಉತ್ತರ ಕೊರಿಯಾದ ಮೊದಲ ಪರೀಕ್ಷೆ ನಡೆದ ಸುಮಾರು ಎರಡು ವಾರಕ್ಕೆ, 7,000 ಕಿ.ಮೀ.ಗೂ ದೂರದ ಕೆನಡಾದ ಯೆಲ್ಲೋನೈಫ್‌ನಲ್ಲಿ ಝೆನಾನ್‌ನ ಒಂದು ವಿಕಿರಣಶೀಲ ರೂಪವಾದ ಝೆನಾನ್-133 ಸಿಕ್ಕಿತು. 2009ರ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. 2013ರಲ್ಲಿ 55 ದಿನ ಕಾಯಬೇಕಾಯಿತು, ಆಗ ಜಪಾನಿನ ತಕಸಾಕಿಯಲ್ಲಿ ಸಿಕ್ಕಿತು. ಝೆನಾನ್-133 ಸುಮಾರು 5 ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ತಡವಾದಷ್ಟೂ ಕಷ್ಟ. ಜೊತೆಗೆ ಆಸ್ಪತ್ರೆಗಳಿಗೆ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪ) ತಯಾರಿಸುವ ಘಟಕಗಳಿಂದಲೂ ಇದೇ ಅನಿಲ ಬರುತ್ತದೆ. ಬೇರೆ ಬೇರೆ ಝೆನಾನ್ ಐಸೊಟೋಪ್‌ಗಳ ಪ್ರಮಾಣ ಹೋಲಿಸಿ ಮೂಲ ಯಾವುದು ಅಂತ ಹುಡುಕಬೇಕಾಗುತ್ತದೆ.

ಎಲ್ಲಿ, ಯಾವಾಗ ಅನ್ನುವುದನ್ನು ಮೊದಲು ಹೇಳುವುದು ಭೂಕಂಪ ಮಾಪಕಗಳೇ. ನಮ್ಮ ಗೌರಿಬಿದನೂರಿನಲ್ಲಿ ಭಾಭಾ ಕೇಂದ್ರ 1960ರ ದಶಕದಿಂದ ನಡೆಸುತ್ತಿರುವ ಮಾಪಕಗಳ ಸಾಲು ಕಟ್ಟಿದ್ದೇ ನೆಲದಡಿಯ ಅಣುಸ್ಫೋಟಗಳನ್ನು ಗುರುತಿಸಲು. ಸ್ಫೋಟ ಅಂತ ಅವು ಹೇಳಬಲ್ಲವು, ಅಣುಸ್ಫೋಟವೇ ಅಂತ ಖಚಿತಪಡಿಸಲು ಝೆನಾನ್ ಬೇಕು.

ಹಾಗಂತ ನ್ಯೂಟ್ರಿನೊ ಡಿಟೆಕ್ಟರ್ ವ್ಯರ್ಥವೇನಲ್ಲ. ಬಾಂಬ್ ಕೆಲವು ಸೆಕೆಂಡಿನ ಕಥೆ, ರಿಯಾಕ್ಟರ್ ತಿಂಗಳುಗಟ್ಟಲೆ ಉರಿಯುತ್ತದೆ. ಅಮೆರಿಕದ ಸ್ಯಾನ್ ಒನೊಫ್ರೆಯಲ್ಲಿ ರಿಯಾಕ್ಟರ್‌ನಿಂದ ಸುಮಾರು 25 ಮೀಟರ್ ದೂರದಲ್ಲಿಟ್ಟ, ಒಂದು ಟನ್ನೂ ತೂಗದ ದ್ರವದ ಡಿಟೆಕ್ಟರ್, ರಿಯಾಕ್ಟರ್ ನಿಂತಿದ್ದನ್ನೂ ಓಡಿದ್ದನ್ನೂ ಹೊರಗಿನಿಂದಲೇ ಹೇಳಿತು. ಒಳಗೆ ಪ್ಲುಟೋನಿಯಂ ಹೆಚ್ಚಾದಂತೆ ಎಣಿಕೆ ನಿಧಾನಕ್ಕೆ ಇಳಿಯುವುದೂ ಅದಕ್ಕೆ ಕಂಡಿತು.