ಹೊಸ ಬೆಂಡ್ ಪೈಪ್ ಏಕೆ ಸೋರುತ್ತದೆ

ಎಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಬಾಗಿದ ಕೊಳವೆಯೇ ಬೆಂಡ್ ಪೈಪ್. ಹೊರಗಿನಿಂದ ತಂದ ಹೊಸ ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಹಾಕಿಸಿಕೊಂಡ ಬೈಕುಗಳು ವಾರ ಹದಿನೈದು ದಿನಗಳೊಳಗೆ ಗ್ಯಾರೇಜಿಗೆ ಬರುವುದನ್ನು ನಾನು ಮೈಸೂರಿನಲ್ಲಿ ಇಪ್ಪತ್ತೈದು ವರ್ಷಗಳಿಂದ ನೋಡುತ್ತಿದ್ದೇನೆ. ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಹೆಡ್ಡಿನ ಬಳಿ ಟಿಕ್ ಟಿಕ್ ಎನ್ನುತ್ತದೆ, ಓಡುವಾಗ ಆಕ್ಸಿಲರೇಟರ್ ಬಿಟ್ಟರೆ ಪಟಪಟನೆ ಸಿಡಿಯುತ್ತದೆ, ಮೈಲೇಜ್ ಇಳಿದಿದೆ. ಬಂದವರಲ್ಲಿ ಹಲವರು ಆ ಹೊತ್ತಿಗಾಗಲೇ ಎರಡು ಮೂರು ಬಾರಿ ಪೇಸ್ಟ್ ಬಳಿಸಿ, ನಟ್‌ಗಳನ್ನು ಇನ್ನಷ್ಟು ಬಿಗಿ ಮಾಡಿಸಿ ನೋಡಿರುತ್ತಾರೆ. ಅವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಸೋರಿಕೆ ಕಾಣುತ್ತಿರುವುದು ಹೆಡ್ಡಿನ ಬಾಯಲ್ಲಿ, ಅಂದರೆ ಎಂಜಿನ್ನಿನಿಂದ ಹೊಗೆ ಹೊರಬಂದು ಪೈಪ್ ಸೇರುವ ಜಾಗದಲ್ಲಾದರೂ, ಅದನ್ನು ಹುಟ್ಟಿಸಿದ ಬೋಲ್ಟ್ ಬಹಳ ಸಲ ಹಿಂದಿನ ಫುಟ್‌ರೆಸ್ಟ್ ಪಕ್ಕದಲ್ಲಿರುತ್ತದೆ.

ಈಚೆಗೆ ಬಂದ ಒಂದು 350 ಸಿಸಿ ಬೈಕನ್ನೇ ತೆಗೆದುಕೊಳ್ಳೋಣ. ಸ್ಟೇನ್‌ಲೆಸ್ ಸ್ಟೀಲಿನ ಹೊಸ ಬೆಂಡ್ ಪೈಪ್, ಅದಕ್ಕೊಂದು ಗಿಡ್ಡ ಸೈಲೆನ್ಸರ್; ಎರಡೂ ನೋಡಲು ಚೆನ್ನಾಗಿದ್ದವು, ವೆಲ್ಡಿಂಗ್ ಕೂಡ ಅಚ್ಚುಕಟ್ಟಾಗಿತ್ತು. ಹೆಡ್ಡಿನ ಬಾಯಿಯ ಕೆಳಭಾಗದಲ್ಲಿ ಮಾತ್ರ ಬೀಸಣಿಗೆಯ ಆಕಾರದಲ್ಲಿ ಮಸಿ ಹರಡಿತ್ತು. ನಾನು ಮುಂದಿನ ನಟ್‌ಗಳನ್ನು ಮುಟ್ಟದೆ, ಸೈಲೆನ್ಸರನ್ನು ಚಾಸಿಗೆ ಹಿಡಿದಿಟ್ಟಿದ್ದ ಹಿಂದಿನ ಬ್ರಾಕೆಟ್ಟಿನ ಬೋಲ್ಟನ್ನು ಬಿಚ್ಚಿದೆ. ಬೋಲ್ಟ್ ಕೈಗೆ ಬಂದ ಕೂಡಲೇ ಸೈಲೆನ್ಸರ್ ತನ್ನಷ್ಟಕ್ಕೆ ಸುಮಾರು ಎಂಟು ಮಿಲಿಮೀಟರಿನಷ್ಟು ಮೇಲಕ್ಕೆ ಹಾರಿ ನಿಂತಿತು. ಅಂದರೆ, ಪೈಪು ಅಲ್ಲಿಯವರೆಗೆ ತನ್ನ ಸಹಜ ಜಾಗದಲ್ಲಿರಲಿಲ್ಲ. ತೂತಿಗೆ ತೂತು ಕೂಡಲೆಂದು ಯಾರೋ ಅದನ್ನು ಕೆಳಕ್ಕೆ ಅದುಮಿ ಹಿಡಿದು ಬೋಲ್ಟ್ ತಿರುಗಿಸಿದ್ದರು. ಆ ಎಂಟು ಮಿಲಿಮೀಟರಿನ ಒತ್ತಡವೆಲ್ಲ ಸನ್ನೆಗೋಲಿನಂತೆ ಮುಂದಿನ ತುದಿಗೆ ಹೋಗಿ, ಹೆಡ್ಡಿನ ಬಾಯಲ್ಲಿ ಸಂದು ಮುಚ್ಚಲೆಂದು ಇದ್ದ ಗ್ಯಾಸ್ಕೆಟ್ ರಿಂಗನ್ನು ಒಂದು ಕಡೆ ಜಜ್ಜಿ, ಇನ್ನೊಂದು ಕಡೆ ಸಡಿಲ ಬಿಟ್ಟಿತ್ತು. ಬಿಚ್ಚಿ ನೋಡಿದಾಗ ಆ ರಿಂಗ್ ಮೇಲ್ಭಾಗದಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು, ಕೆಳಭಾಗದಲ್ಲಿ ಅಂಗಡಿಯಿಂದ ತಂದಾಗ ಇದ್ದಂತೆಯೇ ದುಂಡಗಿತ್ತು. ಇಂಥ ಜಾಗಕ್ಕೆ ಎಷ್ಟು ಪೇಸ್ಟ್ ಬಳಿದರೂ ಅದು ನಾಲ್ಕು ದಿನ ನಿಲ್ಲುವುದಿಲ್ಲ.

ಪೈಪು ಬಿಸಿಯಾದಾಗ ಈ ಒತ್ತಡ ಇನ್ನೂ ಹೆಚ್ಚುತ್ತದೆ. ಒಂದು ಮೀಟರ್ ಉದ್ದದ ಸಾದಾ ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಸೈಲೆನ್ಸರುಗಳಿಗೆ ಹೆಚ್ಚಾಗಿ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. ಅರವತ್ತು ಸೆಂಟಿಮೀಟರಿನ ಬೆಂಡ್ ಪೈಪ್ ಸರಾಸರಿ 300 ಡಿಗ್ರಿ ಬಿಸಿಯಾಯಿತೆಂದು ಇಟ್ಟುಕೊಂಡರೆ, ಸಾದಾ ಉಕ್ಕಿನದು ಎರಡು ಮಿಲಿಮೀಟರಿಗೆ ತುಸು ಹೆಚ್ಚು, ಸ್ಟೇನ್‌ಲೆಸ್‌ದು ಮೂರು ಮಿಲಿಮೀಟರ್ ಬೆಳೆಯುತ್ತದೆ. ಬೈಕಿನ ಜೊತೆ ಬಂದ ಪೈಪಿನಲ್ಲಿ ಆ ಬೆಳವಣಿಗೆಗೆ ಜಾರುವ ಜಾಯಿಂಟ್, ಉದ್ದನೆಯ ತೂತಿರುವ ಬ್ರಾಕೆಟ್, ರಬ್ಬರ್ ಬುಷ್ ಎಂದು ಏನಾದರೊಂದು ಅವಕಾಶವಿರುತ್ತದೆ. ಹೊಸದನ್ನು ಹಾಕುವ ಗಡಿಬಿಡಿಯಲ್ಲಿ ಹಳೆಯ ಬ್ರಾಕೆಟ್ಟಿನ ರಬ್ಬರ್ ಬುಷ್ ಹಳೆಯ ಸೈಲೆನ್ಸರಿನ ಜೊತೆಯಲ್ಲೇ ಡಬ್ಬಕ್ಕೆ ಹೋಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಿಗ್ಗಲು ಹಿಂದೆ ದಾರಿಯಿಲ್ಲದ ಪೈಪ್ ಮುಂದಕ್ಕೆ ಒತ್ತುತ್ತದೆ, ತಣ್ಣಗಾದಾಗ ಹಿಂದಕ್ಕೆ ಎಳೆಯುತ್ತದೆ. ದಿನಕ್ಕೆ ನಾಲ್ಕು ಬಾರಿ ಹೀಗಾದರೆ ಯಾವ ಗ್ಯಾಸ್ಕೆಟ್ಟೂ ಉಳಿಯದು.

ಸಿಡಿಯುವ ಸದ್ದಿನ ಕಾರಣವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಹಲವರು ಅದನ್ನು ಹೊಸ ಸೈಲೆನ್ಸರಿನ ಸಹಜ ಗುಣವೆಂದು ಒಪ್ಪಿಕೊಂಡುಬಿಡುತ್ತಾರೆ. ಪೈಪಿನೊಳಗೆ ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ, ಪ್ರತಿ ಅಲೆಯ ಬೆನ್ನಿಗೆ ಕ್ಷಣಮಾತ್ರ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಹೆಡ್ಡಿನ ಬಾಯಲ್ಲಿ ಸಂದು ಇದ್ದರೆ ಆ ಕ್ಷಣದಲ್ಲಿ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪೂರ್ತಿ ಸುಡದ ಪೆಟ್ರೋಲ್ ಆವಿ ಪೈಪಿಗೆ ಬರುವುದರಿಂದ, ಆ ಹೊಸ ಗಾಳಿಯ ಜೊತೆ ಸೇರಿ ಬಿಸಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ನಮಗೆ ಕೇಳಿಸುವ ಪಟಾಕಿ ಅದೇ.

ಮೈಲೇಜಿನ ದೂರು ಹೊಸ ಬೈಕುಗಳದು. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ತಯಾರಾದ ಬೈಕುಗಳಲ್ಲಿ ಹೆಚ್ಚಿನವು ಪೆಟ್ರೋಲ್ ಇಂಜೆಕ್ಷನ್ ಮತ್ತು ಆಕ್ಸಿಜನ್ ಸೆನ್ಸರ್ ಇರುವಂಥವು. ಸೆನ್ಸರಿಗಿಂತ ಮುಂದೆ, ಅಂದರೆ ಹೆಡ್ಡಿಗೂ ಸೆನ್ಸರಿಗೂ ನಡುವೆ ಸೋರಿಕೆಯಿದ್ದರೆ, ಒಳನುಗ್ಗಿದ ಗಾಳಿಯಲ್ಲಿನ ಆಮ್ಲಜನಕವನ್ನು ಸೆನ್ಸರ್ ಓದಿ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲವೆಂದು ಇಸಿಯುಗೆ, ಅಂದರೆ ಎಷ್ಟು ಪೆಟ್ರೋಲ್ ಬಿಡಬೇಕೆಂದು ನಿರ್ಧರಿಸುವ ಬೈಕಿನ ಕಂಪ್ಯೂಟರಿಗೆ, ತಿಳಿಸುತ್ತದೆ. ಇಸಿಯು ಅದನ್ನು ನಂಬಿ ಬೇಡದ ಪೆಟ್ರೋಲನ್ನು ಸುರಿಯುತ್ತದೆ. ಸೆನ್ಸರಿನಲ್ಲಿ ದೋಷವಿಲ್ಲ, ಇಸಿಯುನಲ್ಲಿ ದೋಷವಿಲ್ಲ, ಆದರೂ ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಇದನ್ನು ತಿಳಿಯದೆ ಸಾವಿರಾರು ರೂಪಾಯಿ ಕೊಟ್ಟು ಹೊಸ ಸೆನ್ಸರ್ ಹಾಕಿಸಿದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸೋರಿಕೆಯ ಜಾಗವನ್ನು ಹುಡುಕಬೇಕಾದದ್ದು ಎಂಜಿನ್ ತಣ್ಣಗಿರುವಾಗ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಣ್ಣ ಸಂದುಗಳು ಮುಚ್ಚಿಕೊಳ್ಳುತ್ತವೆ, ಸದ್ದು ಅಡಗುತ್ತದೆ, ದೋಷ ತಾನಾಗಿಯೇ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ನಾನು ಮಾಡುವ ಪರೀಕ್ಷೆ ಸರಳವಾದದ್ದು. ಎಂಜಿನ್ ಸ್ಟಾರ್ಟ್ ಮಾಡದೆ, ಧೂಳು ಊದುವ ಬ್ಲೋವರಿನ ಮೂತಿಗೆ ಬಟ್ಟೆ ಸುತ್ತಿ ಸೈಲೆನ್ಸರಿನ ಬಾಲಕ್ಕೆ ಹಿಡಿದು ಹದವಾಗಿ ಗಾಳಿ ಬಿಡುತ್ತೇನೆ. ಹುಡುಗನೊಬ್ಬ ಪಾತ್ರೆ ತೊಳೆಯುವ ಸಾಬೂನಿನ ನೀರನ್ನು ಬ್ರಷ್‌ನಿಂದ ಒಂದೊಂದೇ ಜಾಯಿಂಟಿಗೆ ಹಚ್ಚುತ್ತಾ ಬರುತ್ತಾನೆ. ಗುಳ್ಳೆ ಎದ್ದ ಜಾಗ ಸೋರಿಕೆಯ ಜಾಗ. ಕೆಲವರು ಊದುಬತ್ತಿಯ ಹೊಗೆ ಹಿಡಿದು ನೋಡುವುದುಂಟು. ಪೆಟ್ರೋಲ್ ಟ್ಯಾಂಕಿನ ಕೆಳಗೆ ಕೆಂಡ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಯೇ, ಶಟರ್ ಎಳೆದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಕಿವಿಗೊಟ್ಟು ಹುಡುಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತಿದ ಮೇಲೆ ಎಚ್ಚೆತ್ತುಕೊಳ್ಳಲು ಸಮಯ ಸಿಗದೆ ಹೋಗಬಹುದು.

ಬಿಚ್ಚಿದ ಮೇಲೆ ಮೊದಲು ನೋಡಬೇಕಾದದ್ದು ಹೆಡ್ಡಿನ ಬಾಯಿಯ ಒಳಗೆ. ಹಳೆಯ ಗ್ಯಾಸ್ಕೆಟ್ ವರ್ಷಗಟ್ಟಲೆ ಬಿಸಿಗೆ ಬೆಂದು, ಮಸಿ ಕೂತು, ಹೆಡ್ಡಿನದೇ ಒಂದು ಅಂಚು ಎಂಬಂತೆ ಅಂಟಿಕೊಂಡಿರುತ್ತದೆ. ಅದನ್ನು ಗುರುತಿಸದೆ ಅದರ ಮೇಲೆಯೇ ಹೊಸ ರಿಂಗ್ ಕೂರಿಸುವುದು ಅತಿ ಸಾಮಾನ್ಯವಾದ ತಪ್ಪು. ಎರಡು ರಿಂಗ್‌ಗಳ ಮೇಲೆ ಪೈಪು ಎಂದಿಗೂ ನೇರವಾಗಿ ಕೂರುವುದಿಲ್ಲ. ಟಾರ್ಚ್ ಹಿಡಿದು, ಮೊನಚಾದ ಕೊಕ್ಕೆಯಿಂದ ಅಲ್ಯುಮಿನಿಯಮ್ಮಿಗೆ ಗೀರು ಬೀಳದಂತೆ ಅದನ್ನು ಬಿಡಿಸಬೇಕು. ಒಮ್ಮೆ ಅದುಮಿದ ರಿಂಗನ್ನು ಮತ್ತೆ ಬಳಸಬಾರದು, ಏಕೆಂದರೆ ಅದು ಜಜ್ಜಿಕೊಂಡೇ ಸಂದು ಮುಚ್ಚುವ ವಸ್ತು, ಎರಡನೆಯ ಬಾರಿ ಜಜ್ಜಿಕೊಳ್ಳಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಬಳಿಕ ಹೊಸ ಪೈಪಿನ ತುಟಿಯನ್ನು ದಪ್ಪ ಗಾಜಿನ ಮೇಲೆ ಬೋರಲು ಇಟ್ಟು, ಕೆಳಗೆ ಬೆಳಕು ಹಾಯುತ್ತದೆಯೇ ನೋಡುತ್ತೇನೆ. ವೆಲ್ಡಿಂಗಿನ ಬಿಸಿಗೆ ಸೊಟ್ಟಗಾದ ತುಟಿಯಾದರೆ ಗಾಜಿಗೆ ಎಮರಿ ಕಾಗದ ಅಂಟಿಸಿ ಉಜ್ಜಿ ಸಮ ಮಾಡಬಹುದು. ಹೆಚ್ಚು ಸೊಟ್ಟಗಿದ್ದರೆ ಲೇತ್‌ಗೆ ಕೊಡಬೇಕು.

ಜೋಡಿಸುವ ಕ್ರಮಕ್ಕೆ ಬರೋಣ. ಇಡೀ ಕೆಲಸದ ಜೀವ ಇಲ್ಲಿದೆ. ಮೊದಲು ಯಾವ ಬೋಲ್ಟನ್ನೂ ಬಿಗಿ ಮಾಡದೆ ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ಸಡಿಲವಾಗಿ ನೇತುಹಾಕಬೇಕು: ಹೆಡ್ಡಿನ ನಟ್, ಬೆಂಡ್ ಪೈಪ್ ಮತ್ತು ಸೈಲೆನ್ಸರ್ ನಡುವಿನ ಕ್ಲಾಂಪ್, ಹಿಂದಿನ ಬ್ರಾಕೆಟ್. ಈ ಸ್ಥಿತಿಯಲ್ಲಿ ಹಿಂದಿನ ಬೋಲ್ಟ್ ಬೆರಳಿನ ಬಲದಲ್ಲೇ ತೂತಿನೊಳಗೆ ಹೋಗಬೇಕು, ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಸಂದು ಉಳಿಯಬಾರದು. ಉಳಿದರೆ ಆ ದಪ್ಪದ ವಾಷರ್ ಹಾಕಬೇಕು, ಅಥವಾ ಬ್ರಾಕೆಟ್ಟಿನ ತೂತನ್ನು ಅರದಿಂದ ಉದ್ದ ಮಾಡಬೇಕು, ಅದೂ ಆಗದಿದ್ದರೆ ಬ್ರಾಕೆಟ್ಟನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ಮತ್ತೆ ವೆಲ್ಡ್ ಮಾಡಿಸಬೇಕು. ಬೋಲ್ಟಿನ ಬಲದಿಂದ ಪೈಪನ್ನು ಎಳೆದು ತರುವುದು ಮಾತ್ರ ಕೂಡದು. ಹೀಗೆ ಪೈಪು ತಾನಾಗಿ ತನ್ನ ಜಾಗದಲ್ಲಿ ನಿಂತ ಮೇಲೆ ಮೊದಲು ಹೆಡ್ಡಿನ ನಟ್‌ಗಳನ್ನು ಒಂದಾದ ಮೇಲೊಂದು ಅರ್ಧರ್ಧ ಸುತ್ತಿನಂತೆ ಸಮನಾಗಿ ಬಿಗಿ ಮಾಡಬೇಕು, ಆಮೇಲೆ ನಡುವಿನ ಕ್ಲಾಂಪ್, ಕಟ್ಟಕಡೆಗೆ ಹಿಂದಿನ ಬ್ರಾಕೆಟ್. ನಟ್ ಕೂರುವ ಥ್ರೆಡ್ಡಿನ ಕಡ್ಡಿ, ಅಂದರೆ ಸ್ಟಡ್, 6 ಮಿಲಿಮೀಟರಿನದಾದರೆ ಬಿಗಿಯುವ ಬಲ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು, 8 ಮಿಲಿಮೀಟರ್ ಆದರೆ ಅದರ ಎರಡರಷ್ಟು. ಆಯಾ ಬೈಕಿನ ಸರ್ವಿಸ್ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು. ಆ ಬಲವನ್ನು ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ, ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿ ಮಾಡಿದ್ದರಿಂದ ಮುರಿದ ಸ್ಟಡ್‌ಗಳನ್ನು ಹೊರತೆಗೆಯುವುದು ನಮ್ಮ ಕಸುಬಿನಲ್ಲಿ ತೀರ ಬೇಸರದ ಕೆಲಸ. ಡ್ರಿಲ್ ಒಂದಿಷ್ಟು ಆಚೀಚೆ ಸರಿದರೂ ಹೆಡ್ಡಿನ ಅಲ್ಯುಮಿನಿಯಮ್ ತಿಂದುಹೋಗುತ್ತದೆ, ಆಮೇಲೆ ಹೆಲಿಕಾಯಿಲ್ ಎಂಬ ತಂತಿಯ ಸುರುಳಿ ಕೂರಿಸಿ ಥ್ರೆಡ್ ಉಳಿಸಿಕೊಳ್ಳಬೇಕಾಗುತ್ತದೆ.

ಈ ಕ್ರಮವನ್ನು ನಾನು ಕಲಿತದ್ದು ಎಜ್ಡಿ ಬೈಕುಗಳ ಮೇಲೆ. 1996ರವರೆಗೆ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ 250 ಸಿಸಿ ಬೈಕಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಪೈಪನ್ನು ಸಿಲಿಂಡರಿಗೆ ಹಿಡಿಯುವುದು ದೊಡ್ಡದೊಂದು ರಿಂಗ್ ನಟ್. ಅದು ಸಡಿಲವಾಗಿ ಅದುರತೊಡಗಿದರೆ ಸಿಲಿಂಡರಿನ ಥ್ರೆಡ್ಡನ್ನೇ ತಿಂದುಹಾಕುತ್ತಿತ್ತು. ನನಗೆ ಕೆಲಸ ಕಲಿಸಿದ ಮೇಸ್ತ್ರಿ, ಹಿಂದಿನ ಬೋಲ್ಟ್ ಬಿಚ್ಚದೆ ರಿಂಗ್ ನಟ್ ಮುಟ್ಟಿದವನ ಕೈಯಿಂದ ಕೊಕ್ಕೆ ಸ್ಪ್ಯಾನರ್ ಕಿತ್ತುಕೊಳ್ಳುತ್ತಿದ್ದರು.

ಪೇಸ್ಟಿಗೂ ಒಂದು ಜಾಗವಿದೆ. ಒಂದರೊಳಗೊಂದು ತೂರಿಸುವ ಜಾಯಿಂಟಿನಲ್ಲಿ, ಅಳತೆ ಸರಿಯಿದ್ದು ಕೂದಲೆಳೆಯಷ್ಟು ಸಂದು ಉಳಿದಿದ್ದರೆ, ಎಕ್ಸಾಸ್ಟ್‌ಗೆಂದೇ ಮಾಡಿದ ಗಟ್ಟಿಯಾಗುವ ಪೇಸ್ಟನ್ನು ತೆಳುವಾಗಿ ಹಚ್ಚಬಹುದು. ಒಂದು ಮಿಲಿಮೀಟರಿನ ಆಟವಿದ್ದರೆ ಅದಕ್ಕೆ ತಕ್ಕ ಸ್ಲೀವ್ ಹಾಕಬೇಕು. ಕ್ಲಾಂಪ್ ಎಷ್ಟು ಬಿಗಿದರೂ ಪೈಪಿನ ದುಂಡು ಕೆಡುತ್ತದೆಯೇ ಹೊರತು ಸಂದು ಮುಚ್ಚದು. ಹೆಡ್ಡಿನ ಬಾಯಿಗೆ ಕೆಂಪು ಸಿಲಿಕೋನ್ ಹಚ್ಚುವುದಂತೂ ಬೇಡವೇ ಬೇಡ. ಅದು 300 ಡಿಗ್ರಿಯ ಆಸುಪಾಸಿನವರೆಗೆ ತಾಳುವ ವಸ್ತು, ಅಲ್ಲಿ ಹೊರಬೀಳುವ ಅನಿಲದ ಬಿಸಿ ಎಂಜಿನ್ನಿಗೆ ಕೆಲಸ ಬಿದ್ದಾಗ 600 ಡಿಗ್ರಿಯನ್ನು ದಾಟುತ್ತದೆ. ಸುಟ್ಟ ಸಿಲಿಕೋನಿನ ಆವಿ ಆಕ್ಸಿಜನ್ ಸೆನ್ಸರಿನ ಮೇಲೆ ಕೂತು ಅದನ್ನು ಶಾಶ್ವತವಾಗಿ ಕೆಡಿಸುವುದೂ ಉಂಟು.

ಇಷ್ಟೆಲ್ಲ ಸರಿಯಿದ್ದೂ ಸಿಡಿತ ನಿಲ್ಲದಿದ್ದರೆ ಹೊಗೆಯನ್ನು ಶುದ್ಧಗೊಳಿಸಲೆಂದು ಹೆಡ್ಡಿನ ಬಾಯಿಗೆ ಹೊರಗಾಳಿ ಬಿಡುವ ವಾಲ್ವ್ ಆ ಬೈಕಿನಲ್ಲಿ ಇದೆಯೇ ಎಂದು ನೋಡಬೇಕು. ಸದ್ದು ಅಡಗಿಸುವ ಪದರಗಳು ಕಡಿಮೆಯಿರುವ ಸೈಲೆನ್ಸರಿನಲ್ಲಿ ಆ ಗಾಳಿಯಿಂದಾಗುವ ಸಿಡಿತ ಜೋರಾಗಿ ಕೇಳಿಸುತ್ತದೆ, ಅದು ಸೋರಿಕೆಯಲ್ಲ. ಆ ವಾಲ್ವನ್ನು ಮುಚ್ಚಿಸಲು ನಾನು ಒಪ್ಪುವುದಿಲ್ಲ, ಒಳಗಿನ ಪದರ ತೆಗೆದ ಸೈಲೆನ್ಸರನ್ನು ಜೋಡಿಸುವುದೂ ಇಲ್ಲ. 175 ಸಿಸಿಗಿಂತ ದೊಡ್ಡ ಬೈಕು ತಯಾರಾಗುವಾಗ ಅದರ ಸದ್ದು 80 ಡೆಸಿಬಲ್ ಮೀರಬಾರದೆಂಬ ಮಿತಿಯಿದೆ. ಸದ್ದು ಮತ್ತು ಹೊಗೆಯ ನಿಯಮ ಮುರಿದರೆ 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯಿದೆಯ 190(2)ನೆಯ ಕಲಮಿನಡಿ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಬೀಳಬಹುದು. ಆಸ್ಪತ್ರೆಯ ಬೀದಿಯಲ್ಲಿ ಮಲಗಿರುವ ರೋಗಿಗೆ ನಮ್ಮ ಪೈಪಿನ ಸದ್ದು ಕೇಳಿಸಬೇಕಾದ ಅಗತ್ಯವೇನೂ ಇಲ್ಲ.

ಆ 350 ಸಿಸಿ ಬೈಕಿಗೆ ಹಿಂದಿನ ಬ್ರಾಕೆಟ್ಟನ್ನು ಕತ್ತರಿಸಿ, ಎಂಟು ಮಿಲಿಮೀಟರ್ ಕೆಳಗಿಳಿಸಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆವು, ರಬ್ಬರ್ ಬುಷ್ ಹಾಕಿದೆವು, ಹೊಸ ರಿಂಗ್ ಕೂರಿಸಿದೆವು. ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ, ರಾತ್ರಿಯಿಡೀ ತಣ್ಣಗಾದ ಮೇಲೆ ಹೆಡ್ಡಿನ ನಟ್‌ಗಳನ್ನು ಮತ್ತೆ ಪರೀಕ್ಷಿಸಿದಾಗ ಎರಡೂ ಕಾಲು ಸುತ್ತಿನಷ್ಟು ತಿರುಗಿದವು; ಹೊಸ ರಿಂಗ್ ಕೂತುಕೊಳ್ಳುವಾಗ ಇದು ಸಹಜ, ಇದಕ್ಕೆಂದೇ ಗಿರಾಕಿಯನ್ನು ಮರುದಿನವೂ ಕರೆಸುತ್ತೇನೆ. ಮುನ್ನೂರು ಕಿಲೋಮೀಟರ್ ಓಡಿಸಿ ಬಂದ ಮೇಲೆ ಬಿಳಿಯ ಬಟ್ಟೆಯಿಂದ ಹೆಡ್ಡಿನ ಬಾಯಿಯ ಸುತ್ತಲೂ ಒರೆಸಿ ನೋಡಿದೆ. ರಸ್ತೆಯ ಕೆಂಪು ಧೂಳು ಅಂಟಿತು, ಮಸಿ ಅಂಟಲಿಲ್ಲ.