ಘನ ಪ್ಲಾಸ್ಟಿಕ್‌ನ ವಿದ್ಯುದ್ರಾಸಾಯನಿಕ ವಿಘಟನೆ

ಪ್ಲಾಸ್ಟಿಕ್‌ನ ಸರಪಳಿ ಅಣುಗಳನ್ನು ಸುಟ್ಟು ಕರಗಿಸದೆ, ಎಲೆಕ್ಟ್ರೋಡ್‌ನ (ಕರೆಂಟ್ ಹಾಯಿಸುವ ವಾಹಕ ತುಂಡಿನ) ಮೇಲ್ಮೈಯಲ್ಲಿ ಎಲೆಕ್ಟ್ರಾನ್ ಕೊಟ್ಟೋ ಕಿತ್ತುಕೊಂಡೋ ಒಡೆಯುವ ಕ್ರಿಯೆಗೆ ಈ ಹೆಸರು. ಎಲೆಕ್ಟ್ರಾನ್ ಕೊಡುವ ಅಪಕರ್ಷಣ ಕ್ಯಾಥೋಡ್‌ನಲ್ಲಿ ನಡೆಯುತ್ತದೆ, ಕಿತ್ತುಕೊಳ್ಳುವ ಉತ್ಕರ್ಷಣ ಆನೋಡ್‌ನಲ್ಲಿ.

ಕೇಳಲು ಸುಲಭ, ಮಾಡಲು ಕಷ್ಟ. ವೈರಿಗೆ ಪ್ಲಾಸ್ಟಿಕ್ ಹೊದಿಸುವುದೇ ಅದು ಕರೆಂಟ್ ಬಿಡುವುದಿಲ್ಲ ಎಂಬ ಕಾರಣಕ್ಕೆ. ಕರಗಿದ ಉಪ್ಪಿನ ಅಯಾನುಗಳು ತಾವಾಗಿಯೇ ಎಲೆಕ್ಟ್ರೋಡಿನ ಬಳಿಗೆ ಸರಿಯುತ್ತವೆ. ಪ್ಲಾಸ್ಟಿಕ್ ಚೂರು ಇದ್ದಲ್ಲೇ ಇರುತ್ತದೆ. ಒತ್ತಿ ಹಿಡಿದರೂ ಎರಡು ಘನವಸ್ತುಗಳು ನಿಜಕ್ಕೂ ತಾಗುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಅವಾಹಕದೊಳಕ್ಕೆ ಎಲೆಕ್ಟ್ರಾನ್ ನೇರವಾಗಿ ದಾಟಬಲ್ಲ ದೂರವೋ ಒಂದೆರಡು ನ್ಯಾನೋಮೀಟರ್. ಹಾಗಾಗಿ ಎಲೆಕ್ಟ್ರಾನನ್ನು ಪ್ಲಾಸ್ಟಿಕ್‌ಗೆ ತಲುಪಿಸುವುದು ಹೇಗೆ ಎಂಬುದೇ ಈ ವಿಷಯದ ಜೀವಾಳ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಟೆಫ್ಲಾನ್. ಯಾವ ಆಮ್ಲಕ್ಕೂ ಜಗ್ಗದ ಈ ಬಿಳಿ ಹಾಳೆಗೆ, ನೀರಿಲ್ಲದ ದ್ರಾವಕದಲ್ಲಿ, ಸಾಕಷ್ಟು ಋಣ ವಿಭವದಲ್ಲಿರುವ ಪ್ಲಾಟಿನಂ ಕ್ಯಾಥೋಡ್ ತಾಗಿಸಿದರೆ ತಾಗಿದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಫ್ಲೋರಿನ್ ಪರಮಾಣುಗಳು ಎಲೆಕ್ಟ್ರಾನ್ ಪಡೆದು ಫ್ಲೋರೈಡ್ ಆಗಿ ಹೊರಬೀಳುತ್ತವೆ, ಕಾರ್ಬನ್ ಉಳಿಯುತ್ತದೆ. ಆ ಕಾರ್ಬನ್ ವಿದ್ಯುತ್ ವಾಹಕ! ಅದೇ ಈಗ ಹೊಸ ಎಲೆಕ್ಟ್ರೋಡ್ ಆಗಿ ಪಕ್ಕದ ಬಿಳಿ ಭಾಗವನ್ನು ಮುಟ್ಟುತ್ತದೆ. ಕಪ್ಪು ತಾನೇ ದಾರಿ ಮಾಡಿಕೊಳ್ಳುತ್ತಾ ಹಾಳೆಯ ಮೇಲೆ ಹರಡುತ್ತದೆ. ಆದರೆ ಕರೆಂಟಿನ ಖರ್ಚು ದೊಡ್ಡದು: ಎಷ್ಟು ಕರೆಂಟ್ ಹರಿದರೆ ಎಷ್ಟು ವಸ್ತು ಬದಲಾಗುತ್ತದೆಂದು ಹೇಳುವ ಫ್ಯಾರಡೆ ನಿಯಮದ ಲೆಕ್ಕದಲ್ಲಿ 50 ಗ್ರಾಂ ಟೆಫ್ಲಾನ್ ಪೂರ್ತಿ ಕಾರ್ಬನ್ ಆಗಲು 1 ಆಂಪಿಯರ್ ಕರೆಂಟ್ ಕನಿಷ್ಠ 54 ಗಂಟೆ ಹರಿಯಬೇಕು.

ಉಳಿದ ಬಹುಪಾಲು ಪ್ಲಾಸ್ಟಿಕ್‌ಗಳಿಗೆ ಈ ಅನುಕೂಲವಿಲ್ಲ, ಎಲೆಕ್ಟ್ರಾನ್ ಕೊಡಬೇಕೆಂದರೆ ಮಧ್ಯವರ್ತಿ ಅಣು ಬೇಕು. ಅದು ಕ್ಯಾಥೋಡ್‌ನಲ್ಲಿ ಎಲೆಕ್ಟ್ರಾನ್ ಪಡೆದು, ಪ್ಲಾಸ್ಟಿಕ್‌ಗೆ ಒಪ್ಪಿಸಿ, ಮತ್ತೆ ಹಿಂದಿರುಗುತ್ತದೆ. ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ಥ್ಯಾಲೇಟ್‌ಗಳೇ ಈ ಕೆಲಸ ಮಾಡಬಲ್ಲವು ಎಂದು ಮಿಷಿಗನ್ ವಿಶ್ವವಿದ್ಯಾಲಯದ ಆನ್ ಮೆಕ್‌ನೀಲ್ ಅವರ ತಂಡ ತೋರಿಸಿದೆ. ಪಿವಿಸಿಯಿಂದ ಬೇರ್ಪಟ್ಟ ಕ್ಲೋರೈಡನ್ನು ಅವರು ವ್ಯರ್ಥ ಮಾಡಲಿಲ್ಲ, ಆನೋಡ್‌ನಲ್ಲಿ ಬೇರೊಂದು ಉಪಯುಕ್ತ ಅಣುವಿಗೆ ಜೋಡಿಸಿದರು.

ಪಾಲಿಸ್ಟೈರೀನ್‌ನಂಥ ಮೈಕ್ರೋಪ್ಲಾಸ್ಟಿಕ್ ಕಣಗಳಿಗೆ ಬೋರಾನ್ ಬೆರೆಸಿದ ವಜ್ರದ ಆನೋಡ್ ಬಳಸುತ್ತಾರೆ. ನೀರಿನಿಂದ ಅಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಅತಿ ಚುರುಕಿನ ಕಣ ಎದುರಾದದ್ದನ್ನೆಲ್ಲ ಉತ್ಕರ್ಷಿಸುತ್ತದೆ. ಆದರೆ ಅದರ ಆಯುಷ್ಯ ಅತ್ಯಲ್ಪ, ಎಲೆಕ್ಟ್ರೋಡ್ ಬಿಟ್ಟು ದೂರ ಹೋಗಲಾರದು. ಕೊನೆಗೆ ಸಿಗುವುದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ನೀರು ಶುದ್ಧೀಕರಣಕ್ಕೆ ಇದು ಸರಿ. ಮರುಬಳಕೆ ಎಂದು ಕರೆಯುವುದನ್ನು ನಾನು ಒಪ್ಪಲಾರೆ.

ಬಾಟಲಿಗಳ ಪಿಇಟಿಯ ವಿಷಯದಲ್ಲಂತೂ ವಿದ್ಯುದ್ರಾಸಾಯನಿಕ ವಿಘಟನೆ ಎಂಬ ಹೆಸರನ್ನು ಸಡಿಲವಾಗಿಯೇ ಬಳಸುತ್ತಾರೆ. ನೀರಿನ ವಿದ್ಯುದ್ವಿಭಜನೆಯಿಂದ ಕ್ಯಾಥೋಡ್ ಬಳಿ ಕ್ಷಾರ ಹುಟ್ಟುತ್ತದೆ. ಆ ಕ್ಷಾರ ಪಿಇಟಿ ಸರಪಳಿಯ ಕೊಂಡಿಗಳಾದ ಎಸ್ಟರ್ ಬಂಧಗಳನ್ನು ಕಡಿದು ಟೆರಿಥ್ಯಾಲೇಟ್ ಮತ್ತು ಎಥಿಲೀನ್ ಗ್ಲೈಕಾಲ್ ಬಿಡುಗಡೆ ಮಾಡುತ್ತದೆ. ಆನೋಡ್ ಬದಿಯ ಆಮ್ಲದಿಂದ ಟೆರಿಥ್ಯಾಲಿಕ್ ಆಮ್ಲವನ್ನು ಪುಡಿಯಾಗಿ ಮರಳಿ ಪಡೆಯಬಹುದು. ಇಡೀ ಕ್ರಿಯೆಯಲ್ಲಿ ಪ್ಲಾಸ್ಟಿಕ್ ಎಲೆಕ್ಟ್ರೋಡನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ.